ಅಜ್ಜಿಯನ್ನು ಹೊತ್ತ ಬ್ಲಾಜೆನಾ

ವಾರದ ಐದು ದಿನ ಬ್ಲಾಜೆನಾ ಪ್ರಾಗ್ ನಗರದಲ್ಲಿ ಟ್ರಾಮ್ ಓಡಿಸುತ್ತಾಳೆ. ಆ ಐದು ದಿನ ಅವಳ ಎದುರು ನಿಂತು ತಮಾಷೆ ಮಾಡುವ ಧೈರ್ಯ ನನಗಿಲ್ಲ. ನೀಲಿ ಕೋಟು, ಬಿಗಿದ ತುಟಿ, ಹಿಂದಿನ ಬಾಗಿಲಿಗೆ ಜೋತುಬಿದ್ದವರಿಗೆ ಧ್ವನಿವರ್ಧಕದಲ್ಲಿ ಒಂದೇ ಮಂತ್ರ: "ನಡೂಗೆ ಬನ್ನಿ, ನಡೂಗೆ! ಎಲ್ಲಾ ಬಾಗಿಲಲ್ಲೇ ನಿಂತ್ರೆ ಗಾಡಿ ಹೆಂಗೆ ಎಳೀಲಿ?" ಶುಕ್ರವಾರ ಸಂಜೆಯಾಯಿತೋ, ಅದೇ ಹೆಂಗಸು ಮಾಸಿದ ಹಸಿರು ಅಂಗಿ ತೊಟ್ಟು, ಸೊಂಟಕ್ಕೆ ಅಂಗೈ ಅಗಲದ ಚರ್ಮದ ಪಟ್ಟಿ ಬಿಗಿದು, ಸಾಜಾವಾ ನದಿಯ ಕಣಿವೆಗೆ ಹೋಗುವ ಪುಟ್ಟ ರೈಲು ಹತ್ತುತ್ತಾಳೆ. ಅಲ್ಲಿಂದ ಮುಂದೆ ಅವಳು ಬ್ಲಾಜೆನಾ ಅಲ್ಲ. ಅವಳ ಹೆಸರು ಸೌಟು.

ನಾವು ಅಲೆಮಾರಿಗಳು. ಹೊಟ್ಟೆಪಾಡಿಗಲ್ಲ, ಶನಿವಾರ ಭಾನುವಾರಕ್ಕೆ ಮಾತ್ರ. ಅಜ್ಜಂದಿರ ಕಾಲದಿಂದಲೂ ಈ ದೇಶದ ಕಾಡುಗಳಲ್ಲಿ ನಮ್ಮಂಥವರಿದ್ದಾರೆ: ಗುಡಾರ ಹಾಕದೆ ಮರದಡಿ ಮಲಗಿ, ಗಿಟಾರು ಬಾರಿಸಿ, ಎಂದೂ ನೋಡದ ಅಮೆರಿಕದ ಬಯಲುಗಳನ್ನು ನೆನೆದು ಹಾಡುತ್ತಾ ಕಣ್ಣೊರೆಸಿಕೊಳ್ಳುವವರು. ನಮ್ಮ ಗುಂಪಿಗೆ ಒಂಟಿಲಾಳದ ಹಟ್ಟಿ ಎಂದು ಹೆಸರು. ಹಟ್ಟಿ ಎಂದರೆ ಮನೆ ಮಠ ಏನೂ ಇಲ್ಲ. ನದಿಯ ತಿರುವಿನಲ್ಲಿ ಕಲ್ಲು ಜೋಡಿಸಿದ ಬೆಂಕಿಗುಂಡಿ, ಸುತ್ತ ಕೂರಲು ಮರದ ದಿಮ್ಮಿಗಳು, ಒಂದು ಬಾವುಟ. ಇಷ್ಟಕ್ಕೆ ಅಮೆರಿಕದವರ ಹಾಗೆ ನ್ಯಾಯ ಹೇಳಲು ಒಬ್ಬ ಷೆರೀಫ್ ಬೇರೆ. ನಮ್ಮ ಷೆರೀಫ್ ಬೋರಿವೋಯ್ ಊರಲ್ಲಿ ಹಾಸಿಗೆ ಮಾರುವವನು. ವಾರವಿಡೀ ಜನರಿಗೆ ಮೆತ್ತಗಿನ ನಿದ್ದೆಯ ಮಹಿಮೆ ವರ್ಣಿಸಿ, ತಾನು ಮಾತ್ರ ಶುಕ್ರವಾರ ಬಂದು ಪೈನ್ ಮರದ ಬೇರಿನ ಮೇಲೆ ಬೆನ್ನು ಮುರಿದುಕೊಳ್ಳುತ್ತಾನೆ.

ಇಂಥ ಸಾಮ್ರಾಜ್ಯಕ್ಕೆ ಕಾನೂನು ಬೇಡವೆ? ಇವೆ. ಬೆಂಕಿಗೆ ಉಗುಳಬಾರದು, ಕಸ ಎಸೆಯಬಾರದು. ಕಾರಿನಲ್ಲಿ ಬಂದವನನ್ನು ಅತಿಥಿ ಎಂದು ಉಪಚರಿಸಬೇಕು, ಅಂದರೆ ಅವಮಾನಿಸಬೇಕು. ಹಟ್ಟಿಗೆ ಸೇರಿದ ದಿನ ಕೊಡುವ ಲಾಳದ ಬಕಲಿನ ಪಟ್ಟಿಯನ್ನು ದಾರಿಯುದ್ದಕ್ಕೂ ಸೊಂಟಕ್ಕೆ ಕಟ್ಟಿರಬೇಕು. ಹಟ್ಟಿಯಿಂದ ಹೊರಹಾಕಿದಾಗ ಮಾತ್ರ ಷೆರೀಫ್ ಎದುರು ಅದನ್ನು ಬಿಚ್ಚುವುದು. ಎಲ್ಲಕ್ಕಿಂತ ದೊಡ್ಡ ಕಾನೂನು ಹಂಡೆಯದು: ಅಡುಗೆ ಮಾಡುವವರೇ ಹಂಡೆಯನ್ನು ಹೊತ್ತು ತರಬೇಕು. ಇನ್ನೊಬ್ಬರು ಹೊತ್ತರೆ, ಅವತ್ತಿನಿಂದ ಸೌಟೂ ಅವರದೇ.

ಆ ಹಂಡೆಯ ಹೆಸರು ಅಜ್ಜಿ. ಬೀಡುಕಬ್ಬಿಣದ್ದು, ಮೂರು ಕಾಲಿನದು, ದುಂಡಗೆ, ಕಪ್ಪಗೆ. ಕುದಿಯಲು ಶುರುವಾದರೆ ಗೊಣಗುತ್ತಲೇ ಇರುತ್ತಾಳೆ. ಬ್ಲಾಜೆನಾ ಹಟ್ಟಿಗೆ ಬಂದದ್ದು ಇಪ್ಪತ್ತರ ಹರೆಯದಲ್ಲಿ. ಆಗಿನ ಅಡುಗೆಯವನು ಜಡಿಮಳೆಯಲ್ಲಿ ಒಲೆ ಹೊತ್ತದೆ ಕೈಚೆಲ್ಲಿ ಕೂತಾಗ, ಈ ಹುಡುಗಿ ತನ್ನ ಅಂಗಿಯೊಳಗೆ ಒಣಗಿಸಿಟ್ಟುಕೊಂಡಿದ್ದ ಬರ್ಚ್ ಮರದ ತೊಗಟೆ ತೆಗೆದು ಬೆಂಕಿ ಎಬ್ಬಿಸಿದಳಂತೆ. ಆ ಮನುಷ್ಯ ಅಲ್ಲೇ ಸೌಟನ್ನು ಅವಳ ಕೈಗಿಟ್ಟ. ಅಂದಿನಿಂದ ಅಜ್ಜಿ ಅವಳ ಬೆನ್ನ ಮೇಲೆ. ಅಕ್ಟೋಬರಿನಲ್ಲಿ ಹಾಕುವ ವರ್ಷದ ಕೊನೆಯ ಬೆಂಕಿಗೆ ಅಕ್ಕಪಕ್ಕದ ಹಟ್ಟಿಗಳವರೆಲ್ಲ ಬರುತ್ತಾರೆ. ಹಾಡಿಗೆಂದು ಹೇಳಿಕೊಳ್ಳುತ್ತಾರೆ, ಬರುವುದು ಅವಳ ಗೂಲಾಶಿಗೆ. ಈರುಳ್ಳಿ ಜೇನಿನ ಬಣ್ಣಕ್ಕೆ ತಿರುಗುವವರೆಗೆ ಹುರಿದು, ಮಾಂಸ ಹಾಕಿ, ಕೆಂಪು ಮೆಣಸಿನ ಪುಡಿ ಉದುರಿಸಿ, ಮಧ್ಯಾಹ್ನವೆಲ್ಲ ಬೇಯಿಸಿದ ಸಾರು. ಅದರಲ್ಲಿ ರೊಟ್ಟಿ ಅದ್ದಿದವನು ತನ್ನ ಹಟ್ಟಿಯ ಬಾವುಟವನ್ನೂ ಮರೆಯುತ್ತಾನೆ.

ಕಳೆದ ಚಳಿಗಾಲದಲ್ಲಿ ಟ್ರಾಮಿನ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಅವಳ ಎಡ ಕೊರಳೆಲುಬು ಮುರಿಯಿತು. ತಗಡು ಕೂರಿಸಿ ತಿರುಪು ಬಿಗಿದರು. ಎಲುಬು ಕೂಡಿತು. ಆದರೆ ಡಾಕ್ಟರು ಖಂಡಿತವಾಗಿ ಹೇಳಿದರು: "ಈ ಭುಜದ ಮೇಲೆ ಇನ್ನು ಭಾರ ಬೀಳಬಾರದು."

"ಸೊಂಟದ ಮೇಲೆ?" ಎಂದು ಬ್ಲಾಜೆನಾ ಕೇಳಿದಳು.

"ಸೊಂಟಕ್ಕೇನೂ ಆಗಿಲ್ಲವಲ್ಲ," ಎಂದರು ಪಾಪ ಡಾಕ್ಟರು, ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ತಿಳಿಯದೆ.

ಸುದ್ದಿ ಹಟ್ಟಿಗೆ ಬಂದಾಗ ಶೋಕಕ್ಕಿಂತ ಮೊದಲು ರಾಜಕೀಯ ಶುರುವಾಯಿತು. ನಮ್ಮಲ್ಲಿ ಡೈನಮೈಟ್ ಎಂಬವನಿದ್ದಾನೆ; ಔಷಧದಂಗಡಿಯಲ್ಲಿ ಕೆಲಸ, ಬೆಂಕಿಕಡ್ಡಿ ಗೀರಲು ಹೆದರುವವನು, ಅದಕ್ಕೇ ಆ ಹೆಸರು. ಅವನು ಅಂಗೈಯಲ್ಲಿ ಹಿಡಿಯುವಂಥ ಗ್ಯಾಸ್ ಒಲೆ ತಂದು ದಿಮ್ಮಿಯ ಮೇಲಿಟ್ಟ.

"ಕೊನೇ ಬೆಂಕಿಗೆ ನಾನೇ ನೋಡ್ಕೋತೀನಿ ಬಿಡಿ. ಪೊಟ್ಟಣದ ಸೂಪು, ಬಿಸಿನೀರು ಹಾಕಿದ್ರೆ ಮುಗೀತು. ಅಜ್ಜೀನ ಯಾಕೆ ಹೊರ್ಬೇಕು? ಅವಳನ್ನ ಇಲ್ಲೇ ಮಣ್ಣು ಮಾಡೋಣ, ಮೇಲೊಂದು ಶಿಲುಬೆ ನೆಡೋಣ."

"ನಿನ್ನ ಸೂಪು ಕುಡಿದ್ರೆ ಶಿಲುಬೆ ನಮಗೇ ಬೇಕಾಗುತ್ತೆ ಕಣೋ," ಎಂದ ಷೆರೀಫ್. ಆದರೂ ಕಾನೂನು ಕಾನೂನೇ. ಅವನು ಗಂಟಲು ಸರಿಮಾಡಿಕೊಂಡ. "ಸೌಟು, ಅಕ್ಟೋಬರ್‌ವರೆಗೆ ನಿಂಗೆ ಸಮಯ. ಹೊತ್ಕೊಂಡು ಬಂದ್ರೆ ಹಂಡೆ ನಿಂದು. ಇಲ್ಲಾಂದ್ರೆ..." ಅವನು ಆ ಪುಟ್ಟ ಗ್ಯಾಸ್ ಒಲೆಯತ್ತ ಗಲ್ಲ ತೋರಿಸಿದ.

ಬ್ಲಾಜೆನಾ ಆ ಚಳಿಗಾಲವೆಲ್ಲ ಹಟ್ಟಿಯಲ್ಲೇ ಉಳಿದಿದ್ದ ಅಜ್ಜಿಯನ್ನು ಹುಲ್ಲಿನಿಂದ ಉಜ್ಜುತ್ತಿದ್ದಳು. ಆಮೇಲೆ ನಾನು ಪಕ್ಕದಲ್ಲಿ ಹೋಗಿ ಕೂತಾಗ ಮೆಲ್ಲಗೆ ಹೇಳಿದಳು: "ಅತಿಥಿಯಾಗಿ ಬಂದು ದಿಮ್ಮಿ ಮೇಲೆ ಕೂತು ತಟ್ಟೆ ಚಾಚೋಕೆ ನನ್ನಿಂದ ಆಗಲ್ಲ ಕಣೋ. ಅದಕ್ಕಿಂತ ಮನೇಲೇ ಇರ್ತೀನಿ."

ಮನೆಯಲ್ಲಿರುವವನು ಗಂಡ ಸ್ಲಾವೆಕ್. ಸಂಭಾವಿತ, ಕ್ಯಾನರಿ ಹಕ್ಕಿ ಸಾಕುವವನು. "ಕಾಡಲ್ಲಿ ಮಲಗೋಕೆ ನಾನೇನು ಮೊಲಾನಾ?" ಎಂದು ಮದುವೆಯ ವಾರವೇ ಕೇಳಿ, ಅಂದಿನಿಂದ ಶನಿವಾರಗಳನ್ನು ಸುಖವಾಗಿ ಕಳೆಯುತ್ತಿರುವವನು. ಅವನೇ ಪರಿಹಾರ ಸೂಚಿಸಿದ: "ಪೇಟೇಲಿ ಸೊಂಟಕ್ಕೆ ಪಟ್ಟಿ ಇರೋ ಚೆನ್ನಾಗಿರೋ ಕೆಂಪು ಚೀಲ ಬಂದಿದೆ ಕಣೇ. ಗರಿಯಂಗೆ ಹಗುರ."

"ಅಜ್ಜಿಯ ಮೂರು ಕಾಲು ಆ ಗರಿಯನ್ನ ಅರ್ಧ ದಾರೀಲೇ ಹರಿದು ಹಾಕುತ್ತೆ," ಎಂದಳು ಬ್ಲಾಜೆನಾ. "ಅಲ್ದೆ, ಕೆಂಪು ಹಾಕ್ಕೊಂಡು ಹೋದ್ರೆ ಷೆರೀಫ್ ನನ್ನನ್ನ ಪ್ರವಾಸಿ ಅಂದ್ಕೊಂಡು ದಾರಿ ತೋರಿಸ್ತಾನೆ."

ಹಾಗೆ ನೋಡಿದರೆ ನಮ್ಮವರ ಬೆನ್ನ ಮೇಲೆ ಇರುವುದೂ ಒಂದೇ ಚೀಲ: ಮಹಾಯುದ್ಧದ ಕಾಲದ ಅಮೆರಿಕದ ಸೈನ್ಯದ ಮಾದರಿಯ ಕ್ಯಾನ್ವಾಸು ಚೀಲ. ಊಸಾರ್ನಾ ಅನ್ನುತ್ತೇವೆ. ಚರ್ಮದ ಪಟ್ಟಿಗಳು, ಹಿತ್ತಾಳೆ ಕೊಂಡಿಗಳು, ನೋಡಲು ರಾಜಗಾಂಭೀರ್ಯ. ಹೊತ್ತರೆ ಮಾತ್ರ ಇಡೀ ಭಾರ ಎರಡು ಭುಜಗಳನ್ನೇ ಕುಯ್ಯುತ್ತದೆ. ಆ ನೋವನ್ನು ನಾವು ಸಂಪ್ರದಾಯ ಎಂದು ಕರೆದುಕೊಂಡು ಬಂದಿದ್ದೇವೆ. ಅವಳಿಗೆ ಬೇಕಾದದ್ದು ಸೈನ್ಯದ್ದೇ ಆಗಬೇಕು, ಭಾರವನ್ನು ಸೊಂಟಕ್ಕೆ ಇಳಿಸಬೇಕು, ಅಜ್ಜಿಯ ಕಾಲುಗಳಿಗೆ ಜಗ್ಗಬಾರದು.

ಜಿಜ್ಕೋವ್ ಬಡಾವಣೆಯ ಏರುಬೀದಿಯಲ್ಲಿ ಪಾನ್ ಹ್ರೂಜಾ ಎಂಬವರ ಅಂಗಡಿಯಿದೆ. (ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ಪಾನ್, ಹೆಂಗಸರನ್ನು ಪಾನಿ ಅನ್ನುತ್ತೇವೆ.) ಎಲ್ಲೆಲ್ಲಿಯ ಸೈನ್ಯಗಳು ತೆಗೆದುಹಾಕಿದ ಸಾಮಾನೆಲ್ಲ ಅಲ್ಲಿ ಬಂದು ರಾಶಿ ಬೀಳುತ್ತದೆ. ಚಪ್ಪಟೆ ಪಾದವೆಂದು ಸೈನ್ಯಕ್ಕೆ ಸೇರಿಸಿಕೊಳ್ಳದಿದ್ದ ಪಾನ್ ಹ್ರೂಜಾ ಈಗ ಹತ್ತು ಸೈನ್ಯಗಳ ಕಂಬಳಿಗಳ ನಡುವೆ ಸೇನಾಪತಿಯ ಹಾಗೆ ಓಡಾಡುತ್ತಾರೆ. ಪಾಳಿ ಮುಗಿದ ಕೂಡಲೇ ಬ್ಲಾಜೆನಾ ನೀಲಿ ಸಮವಸ್ತ್ರದಲ್ಲೇ ಅಲ್ಲಿಗೆ ಬಂದಳು. ಒಬ್ಬಳೇ ಅಲ್ಲ. ಅಜ್ಜಿಯೂ ಬಂದಿದ್ದಳು, ಟ್ರಾಮಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ. ಎತ್ತಿ ಇಳಿಸುವ ಗೌರವ ನನ್ನದು; ಕಾನೂನಿರುವುದು ಹಟ್ಟಿಗೆ ಹೊತ್ತು ತರುವುದಕ್ಕೆ ಮಾತ್ರ.

"ಪಾನಿ, ಇದೇನು ಮಾರೋಕೆ ತಂದ್ರಾ?" ಪಾನ್ ಹ್ರೂಜಾ ಹಂಡೆಯನ್ನು ಬೆರಳಿಂದ ಮೀಟಿದರು.

"ಇವಳು ಗಿರಾಕಿ. ನಾನು ಬರೀ ಕಾಲು," ಎಂದಳು ಬ್ಲಾಜೆನಾ. "ಖಾಲಿ ಚೀಲ ಹಾಕಿ ಕನ್ನಡಿ ಮುಂದೆ ತಿರುಗಿದ್ರೆ ಎಲ್ಲಾ ಚೀಲಾನೂ ಚೆಂದಾನೇ. ಇವಳನ್ನ ಕೂರಿಸಿ, ಆಮೇಲೆ ನೋಡೋಣ."

ಮುಂದೆ ನಡೆದದ್ದು ಸ್ವಯಂವರ. ಮೊದಲು ಸ್ವೀಡನ್ನಿನ ರಾಜಕುಮಾರ: ಉಕ್ಕಿನ ಚೌಕಟ್ಟು, ದಪ್ಪ ಚರ್ಮ, ನೋಡಿ ನಾನೇ ಸೋತುಹೋದೆ. ಬ್ಲಾಜೆನಾ ಹೊತ್ತು ಎರಡು ಹೆಜ್ಜೆ ಇಟ್ಟು ಇಳಿಸಿದಳು. "ಇವನಿಗೆ ಸೊಂಟದ ಪಟ್ಟಿನೇ ಇಲ್ಲ. ಬರೀ ರೂಪ." ಆಮೇಲೆ ಇಂಗ್ಲೆಂಡಿನವನು: ಒಂದು ಕುರಿಯನ್ನು ಇಡಿಯಾಗಿ ನುಂಗುವ ಗಾತ್ರ, ಅಕ್ಕಪಕ್ಕಕ್ಕೆ ಬಿಚ್ಚಿ ಹಾಕುವ ಜೇಬುಗಳು, ಸೊಂಟಕ್ಕೆ ಒಳ್ಳೆ ಮೆತ್ತೆ. ಆದರೆ ಎತ್ತರದ ಸಿಪಾಯಿಗೆ ಹೊಲಿದದ್ದು. ಬ್ಲಾಜೆನಾ ಗಿಡ್ಡಿ. ಮೆತ್ತೆ ಸೊಂಟ ದಾಟಿ ಕೆಳಗೆ ಹೋಗಿ ಕೂತಿತು, ಮೇಲಂಚು ತಲೆಗೆ ಬಡಿಯಿತು.

"ಇದರಲ್ಲೇ ಗಿಡ್ಡ ಬೆನ್ನಿಂದೂ ಬರುತ್ತೆ ಪಾನಿ, ನನ್ ಹತ್ರ ಈಗ ಇಲ್ಲ."

"ಅದು ಬರೋವರೆಗೆ ನಾನು ಬೆಳೀಲಾ?"

ಜರ್ಮನಿಯವನ ಬೆನ್ನು ಮೆತ್ತಗೆ, ಗುಣ ಒಳ್ಳೆಯದು. ಸೊಂಟದ ಪಟ್ಟಿ ಮಾತ್ರ ಪೈಜಾಮದ ಲಾಡಿಯಷ್ಟು ತೆಳು. ಕೊನೆಗೆ ಪಾನ್ ಹ್ರೂಜಾ ಅಮೆರಿಕದವರನ್ನು ಕರೆತಂದರು, ಇಬ್ಬರನ್ನು. ಹಳೆಯವನಿಗೆ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು, ಅದರ ಬುಡದಲ್ಲಿ ಮದ್ದುಗುಂಡಿನ ಪೆಟ್ಟಿಗೆ ಹೊರಲೆಂದು ಸಿಕ್ಕಿಸುವ ಮಡಿಸುವ ತಟ್ಟೆ. ಅವನ ಸೊಂಟದ ಮೆತ್ತೆ ಕಿರಿದು, ಗಟ್ಟಿ. ಹೊಸಬನದು ಪ್ಲಾಸ್ಟಿಕ್ ಚೌಕಟ್ಟು, ಮೈಮೇಲೆಲ್ಲ ಚೌಕ ಚೌಕದ ಬಣ್ಣ, ಆದರೆ ಸೊಂಟದ ಪಟ್ಟಿ ಅಗಲವಾಗಿ, ಹೆಣ್ಣಿನ ಸೊಂಟಕ್ಕೂ ಅಪ್ಪಿ ಕೂರುವಂತಿತ್ತು.

ಬ್ಲಾಜೆನಾ ಇಬ್ಬರನ್ನೂ ನೆಲದ ಮೇಲೆ ಮಲಗಿಸಿ ಬಹಳ ಹೊತ್ತು ನೋಡಿದಳು. "ಈ ಹೊಸಬನ ಪಟ್ಟಿ ಬಿಚ್ಚಿ ಆ ಹಳಬನಿಗೆ ಕಟ್ಟಿದ್ರೆ?"

ಪಾನ್ ಹ್ರೂಜಾರ ಕಣ್ಣು ತೇವವಾಯಿತು. "ಪಾನಿ, ಎಷ್ಟೋ ಜನ ಗಂಡಸರು ಇಲ್ಲಿ ಬಂದು ಬಣ್ಣ ಯಾವ್ದು ಚೆನ್ನಾಗಿದೆ ಅಂತ ಕೇಳ್ತಾರೆ. ಈ ಮಾತು ಕೇಳಿದವರು ಕಮ್ಮಿ. ಕಟ್ಟಬಹುದು. ಕೊಡಿ, ನಾನೇ ಕಟ್ತೀನಿ."

ಬುಡದ ತಟ್ಟೆಯ ಮೇಲೆ ಅಜ್ಜಿ ಕೂತಳು. ಮೇಲೆ, ಜೊತೆಗೆ ತಂದಿದ್ದ ತನ್ನದೇ ಹಳೆಯ ಊಸಾರ್ನಾವನ್ನು ಕಟ್ಟಿದಳು, ಕಂಬಳಿ ಈರುಳ್ಳಿ ಎಲ್ಲ ಅದರೊಳಗೆ. ಭಾರ ಆದಷ್ಟು ಬೆನ್ನಿಗೆ ಅಂಟಿಕೊಳ್ಳುವಂತೆ ಹಗ್ಗ ಎಳೆಯುವಾಗ ಬಾಯಲ್ಲಿ ಅದೇ ಹಳೆಯ ಮಂತ್ರ: "ನಡೂಗೆ ಬಾ, ನಡೂಗೆ." ಆಮೇಲೆ ಸೊಂಟಕ್ಕೆ ಪಟ್ಟಿ ಬಿಗಿದು, ಜಿಜ್ಕೋವಿನ ಅತ್ಯಂತ ಕಡಿದಾದ ಬೀದಿಯನ್ನು ಹತ್ತತೊಡಗಿದಳು. ಟ್ರಾಮಿನ ಸಮವಸ್ತ್ರ, ಬೆನ್ನ ಮೇಲೆ ಸೈನ್ಯದ ಚೌಕಟ್ಟು, ಅದರಲ್ಲೊಂದು ಮಸಿಹಿಡಿದ ಹಂಡೆ. ಜನ ಕಿಟಕಿ ತೆರೆದು ನೋಡಿದರು. ಬಿಯರ್ ಅಂಗಡಿಯ ಬಾಗಿಲಲ್ಲಿದ್ದ ಮುದುಕನೊಬ್ಬ ಟೋಪಿ ಎತ್ತಿದ.

"ಇದು ಮುಖ್ಯ ಸ್ಟೇಷನ್ನಿಗೆ ಹೋಗುತ್ತಾ ಪಾನಿ?"

"ಇಲ್ಲ ಅಜ್ಜ, ಡಿಪೋಗೆ. ಹಿಂದಿನ ಗಾಡಿಗೆ ಬನ್ನಿ," ಎಂದು ಅವಳು ನನ್ನತ್ತ ಕೈ ತೋರಿಸಿದಳು. ನಾನು ಬರಿಗೈಯಲ್ಲಿ ಏದುಸಿರು ಬಿಡುತ್ತಾ ಹಿಂದೆ ಬರುತ್ತಿದ್ದೆ.

ಬೀದಿಯ ತುದಿಯಲ್ಲಿ ನಿಂತು ಅವಳು ಎಡಭುಜದ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಓಡಾಡಿದವು. ಭಾರವೆಲ್ಲ ಸೊಂಟದ ಮೇಲಿತ್ತು. ಆ ಮುಖ ನೋಡಬೇಕಿತ್ತು ನೀವು.

ಅಕ್ಟೋಬರ್ ಬಂತು. ಪುಟ್ಟ ರೈಲಿನಿಂದ ಇಳಿದು ನಮ್ಮ ಸೈನ್ಯ ಕಾಡುದಾರಿ ಹಿಡಿಯಿತು: ಮುಂದೆ ಷೆರೀಫ್, ಹಿಂದೆ ಗ್ಯಾಸ್ ಒಲೆಯನ್ನು ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡ ಡೈನಮೈಟ್, ಗಿಟಾರಿನೊಡನೆ ನಾನು, ನಡುವೆ ಅಜ್ಜಿಯನ್ನು ಹೊತ್ತ ಬ್ಲಾಜೆನಾ. ಬೀಚ್ ಮರಗಳು ಎಲೆ ಉದುರಿಸಿ ರತ್ನಗಂಬಳಿ ಹಾಸಿದ್ದವು. ಷೆರೀಫ್ ಅವಳ ಚೌಕಟ್ಟನ್ನು ಒಂದು ಸುತ್ತು ಬಂದು ನೋಡಿ, "ಮೇಲೆ ಊಸಾರ್ನಾ ಇದೆ ಅಂತ ಸುಮ್ನಿದೀನಿ," ಎಂದು ಗದರಿ, ಒಪ್ಪಿಗೆ ಕೊಟ್ಟ.

ನದಿ ಬಿಟ್ಟು ಕತ್ತೆಬೆನ್ನು ಎಂಬ ಏರು ಶುರುವಾಯಿತು. ಅರ್ಧ ಹತ್ತಿರಲಿಕ್ಕಿಲ್ಲ, ಬ್ಲಾಜೆನಾಳ ಮಾತು ನಿಂತಿತು. ಆಮೇಲೆ ಹೆಜ್ಜೆ ಸಣ್ಣದಾಯಿತು. ಸೊಂಟದ ಪಟ್ಟಿಯನ್ನು ಕೆಳಗೆಳೆಯುತ್ತಾಳೆ, ಅದು ಮೇಲೇರುತ್ತದೆ. ಮತ್ತೆ ಎಳೆಯುತ್ತಾಳೆ, ಮತ್ತೆ ಏರುತ್ತದೆ. ಕೊನೆಗೆ ಒಂದು ಮರದ ಕೊರಡಿಗೆ ಆನಿಸಿ ನಿಂತುಬಿಟ್ಟಳು. ಮುಖ ಹಿಟ್ಟಿನಂತೆ ಬೆಳ್ಳಗಾಗಿತ್ತು. ಎಡಭುಜದ ಪಟ್ಟಿಯ ಕೆಳಗೆ ಈಗ ಬೆರಳಲ್ಲ, ಹುಲ್ಲುಕಡ್ಡಿಯೂ ತೂರುವಂತಿರಲಿಲ್ಲ.

"ಜಿಜ್ಕೋವಲ್ಲಿ ಸರಿ ಇತ್ತಲ್ಲೋ," ಎಂದಳು ನನಗೆ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಷೆರೀಫ್ ಹಿಂತಿರುಗಿ ಬಂದ. ಕಾನೂನಿನ ಮನುಷ್ಯನಾದರೂ ಕಲ್ಲಲ್ಲ. "ಕೊಡು ಸೌಟು. ಈ ಏರು ಮಾತ್ರ ನಾನು ಹೊರ್ತೀನಿ. ಯಾರೂ ನೋಡಿಲ್ಲ. ಡೈನಮೈಟ್, ನೀನು ನೋಡಿದ್ಯಾ?"

"ನಾನಾ? ನಾನು ಹಕ್ಕಿ ನೋಡ್ತಿದ್ದೆ," ಎಂದ ಡೈನಮೈಟ್. ಅವನೂ ಕಲ್ಲಲ್ಲ ನೋಡಿ.

"ನಾನು ನೋಡಿದೀನಲ್ಲ," ಎಂದಳು ಬ್ಲಾಜೆನಾ. "ಮುಟ್ಟಬೇಡ."

ಅವಳು ಕೊರಡಿನ ಮೇಲೆ ಕೂತು ಕೈಯನ್ನು ಸೊಂಟದ ಸುತ್ತ ಆಡಿಸಿದಳು. ಆಡಿಸುತ್ತಾ ಆಡಿಸುತ್ತಾ ಕೈ ಒಂದೆಡೆ ನಿಂತಿತು. ಅಲ್ಲಿತ್ತು ಕಾರಣ: ಲಾಳದ ಬಕಲಿನ, ಅಂಗೈ ಅಗಲದ, ನಮ್ಮ ಹಟ್ಟಿಯ ಪೂಜ್ಯ ಚರ್ಮದ ಪಟ್ಟಿ. ಅಂಗಡಿಗೆ ಹೋದ ದಿನ ಅವಳು ಟ್ರಾಮಿನ ಸಮವಸ್ತ್ರದಲ್ಲಿದ್ದಳು. ಹಂಡೆ ತಂದಿದ್ದಳು, ಈರುಳ್ಳಿ ಕೂಡ ತಂದಿದ್ದಳು, ಇದೊಂದನ್ನು ಕಟ್ಟಿರಲಿಲ್ಲ. ಈಗ ಸೊಂಟದ ಎಲುಬಿನ ಮೇಲೆ ಕೂರಬೇಕಾದ ಮೆತ್ತೆಯ ಜಾಗದಲ್ಲಿ ಈ ದಪ್ಪ ಚರ್ಮ ಮೊದಲೇ ಬಂದು ಕೂತಿತ್ತು. ಮೆತ್ತೆ ಅದರ ಮೇಲೆ ಜಾರಿ ಹೊಟ್ಟೆಗೆ ಏರುತ್ತಿತ್ತು, ಅಜ್ಜಿ ಇಡೀ ಭಾರವನ್ನು ಭುಜಕ್ಕೆ ಹಾಕುತ್ತಿದ್ದಳು. ಇಂಥ ತಪ್ಪನ್ನು ಲೋಕದ ಯಾವ ಸಿಪಾಯಿಯೂ ಮಾಡಲಾರ. ಸಿಪಾಯಿಗೆ ಬಕಲಿನ ಮೇಲೆ ಅಷ್ಟು ಪ್ರೀತಿ ಇರುವುದಿಲ್ಲ.

ಬ್ಲಾಜೆನಾ ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಬಕಲಿಗೆ ಕೈ ಹಾಕಿದಳು.

"ಸೌಟು, ಬೇಡ!" ಷೆರೀಫ್ ಅಡ್ಡ ಬಂದು ನಿಂತ. "ಅದನ್ನ ಬಿಚ್ಚೋದು ಅಂದ್ರೆ ಏನು ಅಂತ ಗೊತ್ತಲ್ಲ. ಹಟ್ಟಿ ಬಿಟ್ಟು ಹೋದ ಹಾಗೆ!"

"ಹೋಗೋಳಾಗಿದ್ರೆ ಕೆಳಕ್ಕೆ ಇಳೀತಿದ್ದೆ. ನಾನು ಮೇಲಕ್ಕೆ ಹೋಗ್ತಿದೀನಿ."

ಲಾಳ ಕಳಚಿತು. ಅವಳು ಆ ಪಟ್ಟಿಯನ್ನು ನೆಲಕ್ಕೆ ತಾಗಿಸಲಿಲ್ಲ. ಎರಡು ಕೈಯಲ್ಲಿ ಹಿಡಿದು, ಅಜ್ಜಿಯ ದುಂಡು ಹೊಟ್ಟೆಯ ಸುತ್ತ ಹಾಕಿ, ಬಕಲನ್ನು ನಡುಮಧ್ಯಕ್ಕೆ ತಂದು ಬಿಗಿದಳು. ಕೊನೆಯ ತೂತಿಗೆ ಸರಿಯಾಗಿ ಬಂತು. ಆಮೇಲೆ ಬರೀ ಅಂಗಿಯ ಮೇಲೆ ಅಮೆರಿಕದ ಮೆತ್ತೆ ಕಟ್ಟಿ, ಒಂದು ಸಲ ಕುಲುಕಿ, ಎದ್ದು ನಿಂತಳು. ಎಡಭುಜದ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನಮಗೆ ತೋರಿಸಿದಳು.

"ತೀರ್ಪು ಕೊಡೋದಿದ್ರೆ ಊಟ ಆದ್ಮೇಲೆ ಕೊಡು ಷೆರೀಫ್. ಈಗ ದಾರಿ ಬಿಡು, ಈರುಳ್ಳಿ ಹುರೀಬೇಕು."

ಕತ್ತೆಬೆನ್ನನ್ನು ಅವಳು ಹತ್ತಿದ ರೀತಿ ವರ್ಣಿಸಲು ಕಹಳೆ ಬೇಕು, ನನ್ನಲ್ಲಿದ್ದದ್ದು ಗಿಟಾರು. ಹಿಂದಿನಿಂದ ನಮಗೆ ಕಾಣುತ್ತಿದ್ದದ್ದು ಅಜ್ಜಿ ಮಾತ್ರ: ಕಪ್ಪು ಹೊಟ್ಟೆ, ಅದರ ಮೇಲೆ ಮಿನುಗುವ ಲಾಳ, ಬೆನ್ನು ನಮ್ಮ ಕಡೆಗಲ್ಲ, ಎದೆ ನಮ್ಮ ಕಡೆಗೆ. ಮಹಾರಾಣಿಯೊಬ್ಬಳು ಪಲ್ಲಕ್ಕಿಯಲ್ಲಿ ಹಿಮ್ಮುಖವಾಗಿ ಕೂತು ತನ್ನ ಪ್ರಜೆಗಳನ್ನು ಪರಿಶೀಲಿಸುತ್ತಾ ಹೋದಂತಿತ್ತು. ಡೈನಮೈಟ್ ತನಗರಿವಿಲ್ಲದೆ ಟೋಪಿ ತೆಗೆದಿದ್ದ.

ಪಟ್ಟಿ ಕಳಚಿ ಬೆಂಕಿಯ ಮೇಲೆ ಕೂರಿಸಿದ ಅಜ್ಜಿ ಅವತ್ತು ಮಧ್ಯಾಹ್ನವೆಲ್ಲ ಗೊಣಗಿದಳು. ಸೂರ್ಯ ಇಳಿಯುವ ಹೊತ್ತಿಗೆ ಬೇರೆ ಹಟ್ಟಿಗಳವರು ತಟ್ಟೆ ಹಿಡಿದು ಸುತ್ತ ಕೂತಿದ್ದರು. ಬ್ಲಾಜೆನಾಳ ಬರಿ ಸೊಂಟವನ್ನು ಎಲ್ಲರೂ ಗಮನಿಸಿದರು, ಆದರೆ ತೀರ್ಪು ಷೆರೀಫನದು. ಅವಳು ಮೊದಲ ತಟ್ಟೆ ಅವನಿಗೇ ಬಡಿಸಿ, ಸೌಟು ಹಿಡಿದುಕೊಂಡೇ ಎದುರು ನಿಂತಳು.

ಷೆರೀಫ್ ತಿಂದ. ಒಂದು ತುಂಡು ರೊಟ್ಟಿಯಿಂದ ತಟ್ಟೆ ಒರೆಸಿದ. ಇನ್ನೊಂದು ತಟ್ಟೆ ಹಾಕಿಸಿಕೊಂಡ. ಅದನ್ನೂ ಒರೆಸಿದ. ಮೂರನೆಯದಕ್ಕೆ ಕೈ ಚಾಚುವಾಗ ಒಂದು ಕ್ಷಣ ತಡೆದು, ನಿಟ್ಟುಸಿರು ಬಿಟ್ಟು, ಎಲ್ಲರ ಎದುರು ತನ್ನ ಲಾಳದ ಬಕಲು ಕಳಚಿ ಪಟ್ಟಿಯನ್ನು ಪಕ್ಕದಲ್ಲಿದ್ದ ತನ್ನ ಚೀಲಕ್ಕೆ ಸುತ್ತಿದ.

"ಇದು ತೀರ್ಪಾ ಅಥವಾ ಹೊಟ್ಟೆ ತುಂಬಿತಾ?" ಎಂದು ಡೈನಮೈಟ್ ಕೇಳಿದ.

"ತಿಂತಿರೋವಾಗ ಕೋರ್ಟು ನಡೆಸಲ್ಲ," ಎಂದ ಷೆರೀಫ್, ತಟ್ಟೆ ಚಾಚುತ್ತಾ. "ಏ ಸೌಟು, ತಳದ್ದು ಹಾಕು. ಮುಂದಿನ ವರ್ಷಾನೂ ಈರುಳ್ಳಿ ಇಷ್ಟೇ ಹುರಿ."

ಬ್ಲಾಜೆನಾ ಬಗ್ಗಿ ಅಜ್ಜಿಯ ತಳಕ್ಕೆ ಸೌಟು ಹಾಕಿದಳು. ಬೆನ್ನು ತಿರುಗಿಸಿದ್ದರಿಂದ ಮುಖ ಕಾಣಲಿಲ್ಲ. ತಳದ್ದು ಬಡಿಸಲು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು ಎಂಬುದನ್ನು ಮಾತ್ರ ನಾನು ನೋಡಿದೆ.

ಭಾನುವಾರ ಸಂಜೆ ಪುಟ್ಟ ರೈಲಿನ ಬಾಗಿಲಲ್ಲಿ ನಾವು ಚೀಲಗಳೊಡನೆ ಗುಂಪುಗಟ್ಟಿ ನಿಂತಾಗ, ಒಳಗಿನಿಂದ ವಾರದ ದಿನಗಳ ಆ ಧ್ವನಿ ಗುಡುಗಿತು: "ನಡೂಗೆ ಬನ್ರೋ, ನಡೂಗೆ! ಅಜ್ಜಿಗೆ ಜಾಗ ಬಿಡಿ!"

ಬಿಟ್ಟೆವು. ಕಿಟಕಿ ಪಕ್ಕದ ಸೀಟು, ಹೊಟ್ಟೆಯ ಮೇಲೆ ಮತ್ತೆ ಲಾಳ. ಟಿಕೆಟು ಕೇಳಲು ಬಂದವನು ಅವಳನ್ನು ನೋಡಿ, ಪಕ್ಕದಲ್ಲಿದ್ದ ಬ್ಲಾಜೆನಾಳನ್ನು ನೋಡಿ, ಏನೂ ಕೇಳದೆ ಮುಂದೆ ಹೋದ.